ಹರಾಜು ಮಾರುಕಟ್ಟೆಯ ಅರ್ಥಶಾಸ್ತ್ರ

ಅರ್ಥಶಾಸ್ತ್ರದ ಸಂಶೋಧನೆಯೆಂದರೆ ದೂರದ ವಿಶ್ವವಿದ್ಯಾನಿಲಯಗಳ ವಿದ್ವಾಂಸರಿಗಷ್ಟೇ ಸಲ್ಲುವ ವಿಷಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಮ್ಮ ಸೀಮೆಯ ರೈತನು ವರ್ಷವರ್ಷವೂ ಎದುರಿಸುವ ಪ್ರಶ್ನೆಯೊಂದೇ ಆ ಶಾಸ್ತ್ರದ ಒಂದು ಶಾಖೆಗೆ ಮೂಲವಸ್ತುವಾಗಿದೆ: ಹರಾಜಿನಲ್ಲಿ ಬೆಲೆ ಹುಟ್ಟುವುದು ಹೇಗೆ?

'ಹರಾಜು' ಅರಬ್ಬೀ ಮೂಲದ ಶಬ್ದ. ಉತ್ತರ ಕರ್ನಾಟಕದ 'ಲಿಲಾವು' ಪೋರ್ಚುಗೀಸರಿಂದ ಬಂದುದು. ಶಬ್ದವು ಪರದೇಶದ್ದಾದರೂ ಪದ್ಧತಿಯು ನಮಗೆ ಅಪರಿಚಿತವಲ್ಲ. ಕೆರೆಯ ಮೀನು, ಹುಣಸೆಮರದ ಫಸಲು ಸವಾಲಿಗೇರುವುದನ್ನು ಕಾಣದವರಾರು?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಬೆಳೆಯುವರು. ಆ ಸೊಪ್ಪಿನ ಗುಣದೋಷಗಳ ವಿಚಾರ ಬೇರೆ. ಇಲ್ಲಿ ಪ್ರಸ್ತುತವಾದುದು ಅದರ ವಿಕ್ರಯ. ಹಿಂದೆ ಕೊಳ್ಳುವವನೇ ದರ್ಜೆಯನ್ನೂ ಬೆಲೆಯನ್ನೂ ನಿರ್ಣಯಿಸುತ್ತಿದ್ದನು. 1975ರ ಶಾಸನದ ಮೇರೆಗೆ 1976ರಲ್ಲಿ ತಂಬಾಕು ಮಂಡಳಿ ಸ್ಥಾಪಿತವಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದೆಡೆ ಹರಾಜು ಮಾರುಕಟ್ಟೆಗಳು ತಲೆಯೆತ್ತಿದವು.

ಹರಾಜಿನ ಮರ್ಮವನ್ನು ಗಣಿತರೀತಿಯಿಂದ ವಿವೇಚಿಸಿದವರಲ್ಲಿ ವಿಲಿಯಂ ವಿಕ್ರಿ ಮೊದಲಿಗರು. ಅವರ ಪ್ರಬಂಧ ಪ್ರಕಟವಾದುದು 1961ರಲ್ಲಿ; ನೊಬೆಲ್ ಸ್ಮಾರಕ ಪಾರಿತೋಷಕ ದೊರೆತುದು 1996ರಲ್ಲಿ. ಒಂದು ಕಲ್ಪಿತ ನಿದರ್ಶನದಿಂದ ಅವರ ವಾದವನ್ನು ತಿಳಿಯಬಹುದು. ಒಂದು ಬೇಲ್ ಸೊಪ್ಪಿಗೆ ಕಿಲೋ ಒಂದಕ್ಕೆ ಮೂವರು ವರ್ತಕರು ಕ್ರಮವಾಗಿ 200, 190, 150 ರೂಪಾಯಿಗಳವರೆಗೆ ಕೊಡಲು ಸಿದ್ಧರಿರುವರೆನ್ನೋಣ. ಸವಾಲು ಏರುತ್ತ 150ಕ್ಕೆ ಒಬ್ಬನು, 190ಕ್ಕೆ ಮತ್ತೊಬ್ಬನು ಹಿಂಜರಿಯುವನು. ಸೊಪ್ಪು ಸುಮಾರು 190ಕ್ಕೆ ಮಾರಾಟವಾಗುವುದು. ಅಂದರೆ ರೈತನ ಬೆಲೆಯನ್ನು ನಿರ್ಧರಿಸುವವನು ಗೆದ್ದವನಲ್ಲ, ಅವನೊಡನೆ ಕೊನೆಯವರೆಗೆ ಪೈಪೋಟಿ ನಡೆಸಿ ಸೋತವನು! ಆ ಎರಡನೆಯವನು ಅಂದು ಬಾರದಿದ್ದರೆ, ಅಥವಾ ಬಂದೂ ಒಳ ಒಪ್ಪಂದದಿಂದ ಮೌನವಹಿಸಿದರೆ, ಅದೇ ಸೊಪ್ಪಿಗೆ 150 ರೂಪಾಯಿ ಮಾತ್ರ.

2020ರಲ್ಲಿ ಅದೇ ಪಾರಿತೋಷಕವನ್ನು ಪಡೆದ ರಾಬರ್ಟ್ ವಿಲ್ಸನ್ ಮತ್ತು ಪಾಲ್ ಮಿಲ್‌ಗ್ರಾಂ ಈ ವಿಚಾರವನ್ನು ಮುಂದುವರಿಸಿದರು. ಸರಕಿನ ನಿಜಗುಣ ತಿಳಿಯದಿರುವಾಗ, ಹೆಚ್ಚು ಕೂಗಿ ಗೆದ್ದವನೇ ನಷ್ಟಕ್ಕೊಳಗಾಗುವ ಭಯವುಂಟು. ಆದುದರಿಂದ ವರ್ತಕರು ಕೈ ಬಿಗಿಹಿಡಿಯುವರು. ಗುಣವನ್ನು ಎಲ್ಲರಿಗೂ ಸಮನಾಗಿ ತಿಳಿಯಪಡಿಸಿದರೆ ಆ ಭಯ ತಗ್ಗಿ ಬೆಲೆ ಸಾಮಾನ್ಯವಾಗಿ ಏರುವುದು. ಪ್ರಾಮಾಣಿಕವಾದ ದರ್ಜೆ ನಿರ್ಣಯವು ರೈತನಿಗೆ ಹೀಗೆ ನೇರವಾದ ಲಾಭ.

ಬೆಲೆ ಒಪ್ಪಿಗೆಯಾಗದಿದ್ದರೆ ಬೇಲನ್ನು ಹಿಂದಕ್ಕೊಯ್ಯುವ ಹಕ್ಕು ಬೆಳೆಗಾರನಿಗಿದೆ. ಆದರೆ ಗೊಬ್ಬರ, ಸೌದೆ, ಕೂಲಿಗಳಿಗಾಗಿ ಮಾಡಿದ ಸಾಲದ ಬಡ್ಡಿ ಏರುತ್ತಿರಲು ಆ ಹಕ್ಕು ಎಷ್ಟು ದಿನ ನಿಂತೀತು? ಕೊಳ್ಳುವವರು ಕೆಲವೇ ಮಂದಿಯಾದಲ್ಲಿ ಹರಾಜು ಹೆಸರಿಗಷ್ಟೇ ಹರಾಜು. ಆದುದರಿಂದ ದೊರೆತ ಬೆಲೆಯೊಡನೆ, ಸವಾಲಿಗೆ ನಿಂತವರೆಷ್ಟು ಮಂದಿ ಎಂಬುದನ್ನೂ ಬೆಳೆಗಾರರು ಗಮನಿಸತಕ್ಕದ್ದು.

ಉಪಾಧ್ಯಾಯ ಬಂಧುಗಳು ಮೇಲಿನ ತರಗತಿಯ ಮಕ್ಕಳನ್ನು ಒಮ್ಮೆ ಹರಾಜು ಮಾರುಕಟ್ಟೆಗೆ ಕರೆದೊಯ್ದು ಇದನ್ನು ಎಣಿಸಿ ಬರೆದಿಡಲು ಹೇಳಲಿ. ತಂದೆಯ ಬೆವರಿಗೆ ಬೆಲೆ ಕಟ್ಟುವ ಲೆಕ್ಕವನ್ನು ಮಗನೂ ಮಗಳೂ ಅರಿತಿರುವುದು ಸರ್ವಥಾ ಉಚಿತ.