ರೀಲ್ಸ್‌ನಲ್ಲಿ ಕಳೆದುಹೋದ ಚೆಂಡಿನ ಸದ್ದು

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ವಾಹನ ಗುದ್ದಿ 13 ಮಂದಿ ಅಸುನೀಗಿದರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದವರು. ಅವರಲ್ಲೊಬ್ಬರು ಮಾನಸಾ, ಭಾರತದ ಅಂಧ ಮಹಿಳೆಯರ ಫುಟ್‌ಬಾಲ್ ತಂಡದ ನಾಯಕಿ. ಅಂಥದೊಂದು ತಂಡವಿದೆ ಎಂಬುದೇ ಹಾವೇರಿ, ರಾಣೆಬೆನ್ನೂರು ಕಡೆಯ ಎಷ್ಟೋ ಜನರಿಗೆ ಗೊತ್ತಾದದ್ದು ಆವತ್ತಿನ ಶ್ರದ್ಧಾಂಜಲಿ ಪೋಸ್ಟ್‌ಗಳಿಂದ. ದೀಪಾವಳಿ ಬಂತೆಂದರೆ ಹೋರಿ ಹಬ್ಬದ ವಿಡಿಯೊ ಮನೆಮನೆ ತಲುಪುವ ಜಿಲ್ಲೆಯಿದು. ಹೆಸರಾದ ಹೋರಿಗಳಿಗೆ ಅಭಿಮಾನಿ ಬಳಗವೇ ಇದೆ. ಆದರೆ ದೇಶದ ತಂಡದ ನಾಯಕಿ ಒದ್ದ ಒಂದು ಚೆಂಡನ್ನೂ ನಾವು ನೋಡಿರಲಿಲ್ಲ.

ಆ ಆಟ ನೋಡಬೇಕಾದದ್ದೇ. ತಂಡಕ್ಕೆ ಐವರು, ಗೋಲ್‌ಕೀಪರ್‌ಗೆ ಮಾತ್ರ ಕಣ್ಣು ಕಾಣುತ್ತದೆ, ಉಳಿದವರಿಗೆಲ್ಲ ಕಣ್ಣುಪಟ್ಟಿ. ಚೆಂಡಿನೊಳಗೆ ಗಿಲಕಿ. ಚೆಂಡಿನತ್ತ ನುಗ್ಗುವವರು ‘ವೊಯ್’ ಎಂದು ಕೂಗಲೇಬೇಕು, ಕೂಗದಿದ್ದರೆ ಫೌಲ್. ಎದುರಾಳಿ ಗೋಲಿನ ಹಿಂದೆ ನಿಂತ ಗೈಡ್ ದಿಕ್ಕು ಹೇಳುತ್ತಾರೆ. ಆಟ ಸಾಗುವಷ್ಟು ಹೊತ್ತು ಪ್ರೇಕ್ಷಕರು ತುಟಿ ಬಿಚ್ಚುವಂತಿಲ್ಲ. ಇಂಥ ಆಟದ ತುಣುಕಿಗೆ ರೀಲ್ಸ್ ಮಾಡುವವರು ಕಣ್ಣೀರು ತರಿಸುವ ಪಿಟೀಲು ಸೇರಿಸುತ್ತಾರೆ. ಗಿಲಕಿಯೂ ಹೋಯಿತು, ‘ವೊಯ್’ ಕೂಡ ಹೋಯಿತು. ಉಳಿಯುವುದು ಕಣ್ಣುಪಟ್ಟಿ ಕಟ್ಟಿಕೊಂಡ ಹುಡುಗಿಯ ಮೇಲಿನ ಮರುಕ.

ಕ್ರಿಕೆಟಿಗ ಕೆ.ಎಲ್. ರಾಹುಲ್ ನೆಟ್ ಅಭ್ಯಾಸದ ಚಿತ್ರ ಹಾಕಿದರೆ ನಾವು ಹೊಡೆತದ ಬಗ್ಗೆ ಮಾತಾಡುತ್ತೇವೆ. ಪ್ಯಾರಾ ಕ್ರೀಡಾಪಟು ಅದೇ ಅಭ್ಯಾಸ ತೋರಿಸಿದರೆ ‘ಸ್ಫೂರ್ತಿ’ ಎಂದು ಕೈಮುಗಿದು ಮುಂದೆ ಸಾಗುತ್ತೇವೆ. ಅವರು ತೋರಿಸಿದ್ದು ಆಟವನ್ನು. ಚಿಕ್ಕಮಗಳೂರು ಜಿಲ್ಲೆಯ ಅಂಧ ಓಟಗಾರ್ತಿ ರಕ್ಷಿತಾ ರಾಜು 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಅವರ ಓಟದ ಚಿತ್ರದಲ್ಲಿ ಗೈಡ್ ಕೈಗೂ ಅವರ ಕೈಗೂ ನಡುವೆ ಒಂದು ಗಿಡ್ಡ ದಾರ ಕಾಣುತ್ತದೆ. ಗೈಡ್ ಎಳೆಯುವಂತಿಲ್ಲ, ಅಂತಿಮ ಗೆರೆಯನ್ನು ಓಟಗಾರ್ತಿಗಿಂತ ಮೊದಲು ದಾಟುವಂತಿಲ್ಲ. ಇದು ತಿಳಿದರೆ ಆ ಚಿತ್ರದಲ್ಲಿ ನೋಡಲು ಎಷ್ಟೊಂದಿದೆ!

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಅಂಧರ ಮೊಬೈಲು ಅಕ್ಷರಗಳನ್ನು ಓದಿ ಹೇಳುತ್ತದೆ. ಶ್ರದ್ಧಾಂಜಲಿಯನ್ನೋ ಅಭಿನಂದನೆಯನ್ನೋ ಚಿತ್ರದೊಳಗೆ ಬರೆದು ಕಳಿಸಿದರೆ, ಎಷ್ಟೋ ಸಲ ಅದು ‘ಚಿತ್ರ’ ಎಂದಷ್ಟೇ ನುಡಿದು ಸುಮ್ಮನಾಗುತ್ತದೆ. ಯಾರನ್ನು ಹೊಗಳಿದ್ದೇವೋ ಅವರಿಗೇ, ಅವರ ಜೊತೆ ಆಡಿದವರಿಗೇ ಅದು ತಲುಪುವುದಿಲ್ಲ. ಚಿತ್ರಕ್ಕೆ ವಿವರಣೆ ಬರೆಯುವ ಸೌಲಭ್ಯ ಇನ್‌ಸ್ಟಾಗ್ರಾಮ್‌ನಲ್ಲಿ 2018ರಿಂದ ಇದೆ. ‘ನೀಲಿ ಅಂಗಿಯ ಆಟಗಾರ್ತಿ ಎಡಗಾಲಲ್ಲಿ ಚೆಂಡು ತಡೆದಿದ್ದಾಳೆ, ಇಬ್ಬರು ಎದುರಾಳಿಗಳು ಬಲಗಡೆಯಿಂದ ನುಗ್ಗುತ್ತಿದ್ದಾರೆ’ — ಇಷ್ಟು ಬರೆದರೆ ಸಾಕು.