ಭವಿಷ್ಯ ಹೇಳಿ ಕೆಟ್ಟ ಖಗೋಳಜ್ಞ

1577ರ ನವೆಂಬರ್‌ನಲ್ಲಿ ಇಸ್ತಾಂಬುಲ್‌ನ ಆಕಾಶದಲ್ಲಿ ಧೂಮಕೇತು ಕಾಣಿಸಿಕೊಂಡಿತು. ಆಟೋಮನ್ ಸುಲ್ತಾನ ಮೂರನೇ ಮುರಾದ್ ಅದರ ಫಲ ಕೇಳಿದ. ಎಲ್ಲವೂ ಶುಭ, ಪರ್ಷಿಯನ್ನರ ಮೇಲೆ ಜಯ ಖಂಡಿತ ಎಂದ ಆಸ್ಥಾನ ಜ್ಯೋತಿಷಿ ತಕಿಯುದ್ದೀನ್. ಬೆನ್ನಲ್ಲೇ ಬಂದದ್ದು ಪ್ಲೇಗ್.

ಡಮಾಸ್ಕಸ್‌ನಲ್ಲಿ ಹುಟ್ಟಿದ ಈತ ಬರೀ ಶಕುನ ಹೇಳುವವನಲ್ಲ. ಇಸ್ತಾಂಬುಲ್‌ನ ತೋಪ್‌ಹಾನೆಯ ಎತ್ತರದಲ್ಲಿ ಅವನ ವೀಕ್ಷಣಾಲಯ ಆಗಷ್ಟೇ ಎದ್ದಿತ್ತು. ಆ ಕಾಲದ ವರ್ಣಚಿತ್ರವೊಂದು ಉಳಿದಿದೆ: ಮುಂಡಾಸಿನ ವಿದ್ವಾಂಸರು ಮೇಜಿನ ಸುತ್ತ ಮುತ್ತಿಕೊಂಡಿದ್ದಾರೆ, ಒಬ್ಬನ ಕೈಯಲ್ಲಿ ಕೈವಾರ, ಪಕ್ಕದಲ್ಲಿ ಭೂಗೋಳ, ಗಡಿಯಾರ. ಗಂಟೆ, ನಿಮಿಷದ ಜತೆ ಸೆಕೆಂಡನ್ನೂ ತೋರುವ ಗಡಿಯಾರವನ್ನು ಅವನೇ ಮಾಡಿಸಿದ್ದ.

ಇದು ದಿಢೀರನೆ ಹುಟ್ಟಿದ ವಿದ್ಯೆಯಲ್ಲ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಗಣಿತಜ್ಞ ಅಲ್ ಖ್ವಾರಿಜ್ಮಿ ಭಾರತದ ಅಂಕಿಗಳ ಲೆಕ್ಕವನ್ನು ವಿವರಿಸಿ ಬರೆದಿದ್ದ. 1259ರಲ್ಲಿ ಪರ್ಷಿಯಾದ ಮರಾಘಾದಲ್ಲಿ ವೀಕ್ಷಣಾಲಯ ಶುರುವಾಯಿತು. ಸಮರ್ಕಂದಿನ ದೊರೆ ಉಲೂಗ್ ಬೇಗ್ 1,018 ನಕ್ಷತ್ರಗಳ ಪಟ್ಟಿ ಮಾಡಿಸಿದ. 1449ರಲ್ಲಿ ಹೆತ್ತ ಮಗನೇ ಅವನನ್ನು ಕೊಲ್ಲಿಸಿದ. ಅವನ ಕೋಷ್ಟಕಗಳು ಮಾತ್ರ ಬದುಕಿ ಇಸ್ತಾಂಬುಲ್ ಸೇರಿದವು. ಅವುಗಳನ್ನು ತಿದ್ದುವುದೇ ತಕಿಯುದ್ದೀನ್ ಹೊತ್ತ ಕೆಲಸ.

ಆದರೆ ಆಕಾಶದ ಗುಟ್ಟು ಕೆದಕಿದ ರಾಜ್ಯಗಳಿಗೆ ಉಳಿಗಾಲವಿಲ್ಲವೆಂದು ಸಾಮ್ರಾಜ್ಯದ ಮುಖ್ಯ ಧರ್ಮಾಧಿಕಾರಿ ಶೇಖ್ ಉಲ್ ಇಸ್ಲಾಂ ಸುಲ್ತಾನನ ಕಿವಿಗೆ ಹಾಕಿದ. ಬೆಂಬಲಕ್ಕಿದ್ದ ವಜೀರ ಸೊಕೊಲ್ಲು ಮೆಹಮದ್ ಪಾಶಾ 1579ರಲ್ಲಿ ಕೊಲೆಯಾದ. 1580ರ ಜನವರಿಯಲ್ಲಿ ಸುಲ್ತಾನನ ಅಪ್ಪಣೆಯಂತೆ ವೀಕ್ಷಣಾಲಯವನ್ನು ಕೆಡವಿದರು. ಸುಳ್ಳು ಭವಿಷ್ಯಕ್ಕೆ ದಂಡ ತೆತ್ತದ್ದು ನಿಜವಾದ ಖಗೋಳಶಾಸ್ತ್ರ!

ಎಲ್ಲವನ್ನೂ ಧರ್ಮದ ತಲೆಗೆ ಕಟ್ಟುವವರನ್ನು ಕಂಡರೆ ನನಗೆ ರೇಗುತ್ತದೆ. ಬಾಗ್ದಾದಿನಲ್ಲೂ ಸಮರ್ಕಂದಿನಲ್ಲೂ ಇದ್ದದ್ದು ಅದೇ ಧರ್ಮವಲ್ಲವೇ? ಅದೇ ಧೂಮಕೇತುವನ್ನು ಡೆನ್ಮಾರ್ಕಿನಲ್ಲಿ ಖಗೋಳಜ್ಞ ಟೈಕೋ ಬ್ರಾಹೆಯೂ ಅಳೆದ. ಹಳೆಯ ದೊರೆ ಸತ್ತು ಹೊಸಬನ ಜತೆ ಮನಸ್ತಾಪವಾದಾಗ ಅವನೂ ಊರು ಬಿಡಬೇಕಾಯಿತು. ಅವನ ವೀಕ್ಷಣಾಲಯವೂ ಮುಂದೆ ನೆಲಸಮವಾಯಿತು. ಆದರೆ ಅವನಿಗೆ ಪ್ರಾಗ್‌ನಲ್ಲಿ ಇನ್ನೊಬ್ಬ ಚಕ್ರವರ್ತಿ ಸಿಕ್ಕಿದ, ಕೆಪ್ಲರ್‌ನಂಥ ಸಹಾಯಕ ಸಿಕ್ಕಿದ. ಟೈಕೋನ ಅಳತೆಗಳನ್ನೇ ಅರೆದು ಕೆಪ್ಲರ್ 1609ರಲ್ಲಿ ಗ್ರಹಗಳ ದೀರ್ಘವೃತ್ತದ ದಾರಿಯನ್ನು ಅಚ್ಚು ಹಾಕಿಸಿದ. ಇಸ್ತಾಂಬುಲ್‌ನಲ್ಲಿ ತುರ್ಕಿ ಪುಸ್ತಕದ ಅಚ್ಚು ಶುರುವಾಗಲು 1729 ಬರಬೇಕಾಯಿತು.

ತಕಿಯುದ್ದೀನ್ 1585ರಲ್ಲಿ ತೀರಿಕೊಂಡ. ಅವನಿಗಿದ್ದದ್ದು ಒಂದೇ ದರ್ಬಾರು. ಅಲ್ಲಿ ಮುನಿಸು ಬಂದರೆ ಬೇರೆ ಬಾಗಿಲು ತಟ್ಟುವಂತಿರಲಿಲ್ಲ. ಒಬ್ಬ ಒಡೆಯನ ಮರ್ಜಿಗೆ ಬಿದ್ದ ವಿದ್ಯೆ ಎಷ್ಟು ದೊಡ್ಡದಾದರೂ ಅವನಿಗೆ ಭಯ ಹುಟ್ಟುವವರೆಗೆ ಮಾತ್ರ ಬಾಳುತ್ತದೆ.