ಹಸಿರಾಗಿಯೇ ಸಾಯುವ ಮರ

‘ಗೃಹಪ್ರವೇಶಕ್ಕೆ ಯಾರೋ ಜುನಿಪರ್ ಬೋನ್ಸಾಯ್ ಉಡುಗೊರೆ ಕೊಟ್ಟರು. ಟೀವಿ ಪಕ್ಕದಲ್ಲಿಟ್ಟು ತಪ್ಪದೆ ನೀರು ಹಾಕಿದೆ. ಎರಡು ತಿಂಗಳು ಹಚ್ಚಗಿದ್ದ ಗಿಡ ಒಂದೇ ವಾರದಲ್ಲಿ ಕಂದು ತಿರುಗಿ ಒಣಗಿಹೋಯಿತು. ಕುಬ್ಜ ಮರ ಮನೆಯೊಳಗಿದ್ದರೆ ಮನೆಯವರ ಏಳಿಗೆಯೂ ಕುಂಠಿತ ಅಂತ ವಾಸ್ತು ಬಲ್ಲವರೊಬ್ಬರು ಹೇಳುತ್ತಿದ್ದಾರೆ. ಹೌದೇ?’ ಎಂದು ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ.

ಮೊದಲು ವಾಸ್ತುವಿನ ಮಾತು ಮುಗಿಸಿಬಿಡೋಣ. ಜಪಾನಿನ ಯಮಾಕಿ ಮನೆತನದ ಬಿಳಿ ಪೈನ್ ಬೋನ್ಸಾಯ್ 1625ರಿಂದ ಕುಂಡದಲ್ಲಿದೆ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅದು ಅದೇ ಊರಲ್ಲಿ, ಮನೆಯ ಹೊರಗೋಡೆಯ ಮರೆಯಲ್ಲಿತ್ತು. ಮರವೂ ಉಳಿಯಿತು, ಮನೆಯವರೂ ಉಳಿದರು. 1976ರಲ್ಲಿ ಆ ಮನೆತನ ಅದನ್ನು ಬಾಂಬ್ ಹಾಕಿದ ಅಮೆರಿಕಕ್ಕೇ ಕೊಡುಗೆಯಾಗಿ ಕೊಟ್ಟಿತು! ಅಷ್ಟು ದೂರ ಏಕೆ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲೇ ಬೋನ್ಸಾಯ್‌ಗಳ ದೊಡ್ಡ ತೋಟವಿದೆ. ಕುಂಡದ ಗಿಡಕ್ಕೆ ನಿಮ್ಮ ಬ್ಯಾಂಕ್ ಖಾತೆಯ ಚಿಂತೆಯಿಲ್ಲ. ಅದರ ಚಿಂತೆಯೆಲ್ಲ ಬಿಸಿಲು ಮತ್ತು ಬೇರಿನದು.

ಪ್ರಶ್ನೆಯಲ್ಲಿ ತಿದ್ದಬೇಕಾದ ಒಂದು ಅಂಶವಿದೆ, ಸ್ವಾರಸ್ಯವೆಲ್ಲ ಇರುವುದು ಅಲ್ಲೇ. ಆ ಗಿಡ ಕಂದು ತಿರುಗಿದ ವಾರದಲ್ಲಿ ಸತ್ತದ್ದಲ್ಲ. ಅದಕ್ಕೂ ಬಹಳ ಮೊದಲೇ ಸತ್ತಿತ್ತು. ಓದುಗರು ಕೊನೆಕೊನೆಗೆ ನೀರೆರೆದದ್ದು ಹೆಣಕ್ಕೆ.

ದಾಸವಾಳಕ್ಕೆ ನೀರು ತಪ್ಪಿದರೆ ಸಂಜೆಯೊಳಗೆ ಎಲೆ ಜೋಲು ಬೀಳುತ್ತದೆ. ಅಗಲ ಎಲೆ ಬಿಗಿಯಾಗಿ ನಿಲ್ಲುವುದು ಜೀವಕೋಶಗಳೊಳಗಿನ ನೀರಿನ ಒತ್ತಡದಿಂದ. ಜುನಿಪರ್ ಎಲೆಗೆ ಆ ಆಸರೆ ಬೇಡ. ಮಿಲಿಮೀಟರ್ ಲೆಕ್ಕದ ಪುಟ್ಟ ಹುರುಪೆಗಳು ರೆಂಬೆಗೆ ಒತ್ತಿಕೊಂಡು ಕೂತಿರುತ್ತವೆ, ಮೇಲೆ ದಪ್ಪ ಮೇಣದ ಲೇಪ. ಪತ್ರರಂಧ್ರ ಮುಚ್ಚಿದರೆ ಒಳಗಿನ ತೇವ ಆರುವುದು ಬಲು ನಿಧಾನ. ಬಂಡೆಯ ಬಿರುಕಿನಲ್ಲಿ, ಬೀಸುಗಾಳಿಯಲ್ಲಿ ಬದುಕುವ ಮರಕ್ಕೆ ಇದು ವರ. ಅದನ್ನು ಕುಂಡದಲ್ಲಿಟ್ಟು ನೋಡುವವರಿಗೆ ಮಾತ್ರ ಮೋಸ: ಬೇರು ಕೊಳೆತು ನೀರೇರುವುದು ನಿಂತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ.

ಇನ್ನೂ ಸೊಗಸಾದ ವಿಷಯ ಬೇರೆ ಇದೆ. ಉದುರುವ ಮುನ್ನ ಎಲೆ ಹಳದಿಯಾಗುವುದನ್ನು ನಾವು ಸಾವಿನ ಲಕ್ಷಣ ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಜೀವಂತ ಮರ ಮಾಡುವ ಕೆಲಸ. ಪತ್ರಹರಿತ್ತನ್ನು ಬಿಚ್ಚಿ, ಅದರ ಜೊತೆಗಿದ್ದ ಪ್ರೋಟೀನುಗಳ ಸಾರಜನಕವನ್ನು ಮರ ವಾಪಸ್ ಎಳೆದುಕೊಳ್ಳುತ್ತದೆ. ಕೆಲಸ ಮಾಡಲು ಜೀವವೇ ಇಲ್ಲದ ಕಡೆ ಬಿಚ್ಚುವವರು ಯಾರು? ಹಸಿರು ಇದ್ದಲ್ಲೇ ಉಳಿದು, ಒಣಗುತ್ತ ಒಣಗುತ್ತ ಮಾಸುತ್ತದೆ. ನಂಬಿಕೆ ಬರದಿದ್ದರೆ ಸನ್ಮಾನದಲ್ಲಿ ಕೊಡುವ ಹೂಗುಚ್ಛ ನೋಡಿ. ಗುಲಾಬಿ ಮೂರೇ ದಿನಕ್ಕೆ ತಲೆಬಾಗುತ್ತದೆ, ಹಿಂದೆ ಸಿಕ್ಕಿಸಿದ ಥೂಜಾ ರೆಂಬೆ ಮಾತ್ರ ಏನೂ ಆಗದವರಂತೆ ನಿಂತಿರುತ್ತದೆ. ಥೂಜಾ, ಜುನಿಪರ್ ಎರಡೂ ಒಂದೇ ಸೈಪ್ರೆಸ್ ಕುಟುಂಬದವು.

ಹಾಗಾಗಿ ಜುನಿಪರ್ ಕೊಳ್ಳುವಾಗ ಬಣ್ಣ ನೋಡಿ ನಂಬಬೇಡಿ. ರೆಂಬೆಯ ತುದಿಯಲ್ಲಿ ತಿಳಿಹಸಿರಿನ ಹೊಸ ಚಿಗುರಿದೆಯೇ? ಬೆರಳಾಡಿಸಿದರೆ ಮೆತ್ತಗಿದೆಯೇ? ತೊಗಟೆಯನ್ನು ಉಗುರಿನಿಂದ ತುಸುವೇ ಕೆರೆದರೆ ಕೆಳಗೆ ಹಸಿಯಾದ ಹಸಿರು ಕಾಣುತ್ತದೆಯೇ? ಎಲೆ ಮಂಕಾಗಿ, ಮುಟ್ಟಿದರೆ ಗರಗರ ಎನ್ನುವ ಗಿಡವನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ.

ಇನ್ನು ಕೊಂದದ್ದು ಯಾರು? ಟೀವಿ ಪಕ್ಕದ ಜಾಗ. ನಡು ಮಧ್ಯಾಹ್ನದ ಬಯಲಿನಲ್ಲಿ ಬೆಳಕು ಸುಮಾರು ಒಂದು ಲಕ್ಷ ಲಕ್ಸ್, ದೀಪ ಹಾಕಿದ ಹಜಾರದಲ್ಲಿ ಕೆಲವು ನೂರು. ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಎಲೆ ಹೊಂದಿಕೊಳ್ಳುವುದಿಲ್ಲ. ಬೆಳಕಿಲ್ಲದೆ ಬೇರಿಗೆ ಸಕ್ಕರೆ ಇಳಿಯದು, ಹಸಿದ ಬೇರು ಸದಾ ಒದ್ದೆಯಾದ ಮಣ್ಣಿನಲ್ಲಿ ಕೊಳೆಯುತ್ತದೆ. ಜುನಿಪರ್ ಮನೆಯೊಳಗಿನ ಗಿಡವಲ್ಲ. ಅದಕ್ಕೆ ಟೆರೇಸ್ ಬೇಕು, ಇಲ್ಲವೇ ಬಿಸಿಲು ಬೀಳುವ ಬಾಲ್ಕನಿ.

ಶುರು ಮಾಡುವವರು ‘ಬೋನ್ಸಾಯ್ ಬೀಜ’ ಎಂಬ ಪೊಟ್ಟಣಕ್ಕೆ ದುಡ್ಡು ಸುರಿಯಬೇಡಿ, ಅಂಥ ಬೀಜ ಜಗತ್ತಿನಲ್ಲೇ ಇಲ್ಲ. ಬೋನ್ಸಾಯ್ ಎನ್ನುವುದು ಮರದ ಜಾತಿಯಲ್ಲ, ಅದನ್ನು ಬೆಳೆಸುವ ಕ್ರಮ. ನರ್ಸರಿಯವರು ತೋಟದ ಅಂಚಿಗೆಂದು ಕಪ್ಪು ಕವರಿನಲ್ಲಿ ಬೆಳೆಸಿದ ಮಾಮೂಲಿ ಜುನಿಪರ್ ಸಾಕು. ನಾನಂತೂ ಮೇಲಿನ ಪೊದೆಯನ್ನು ಕಡೆಗೆ ನೋಡುತ್ತೇನೆ. ಮೊದಲು ಮೇಲ್ಮಣ್ಣನ್ನು ಬೆರಳಿನಿಂದ ಸರಿಸಿ, ಕಾಂಡದ ಬುಡ ದಪ್ಪಗಿದೆಯೇ, ಬೇರುಗಳು ಸುತ್ತಲೂ ಹರಡಿವೆಯೇ ಎಂದು ಹುಡುಕುವುದು. ರೆಂಬೆ ಮುಂದೆ ಬರುತ್ತದೆ, ಬುಡ ದಪ್ಪಗಾಗಲು ವರ್ಷಗಳೇ ಬೇಕು.

ಮನೆಗೆ ತಂದ ದಿನವೇ ಕತ್ತರಿ, ತಂತಿ, ಹೊಸ ಕುಂಡ ಮೂರನ್ನೂ ಹಿಡಿದು ಕೂರುವ ಉತ್ಸಾಹಿಗಳಿದ್ದಾರೆ. ಅವರಿಗೆ ಈ ಮರದ ಒಳಗಿನ ಕೊಳಾಯಿ ವ್ಯವಸ್ಥೆ ಗೊತ್ತಿಲ್ಲ. ಈ ಕುಟುಂಬದ ಮರಗಳಲ್ಲಿ ಒಂದು ಕಡೆಯ ಬೇರು ಬಹುಮಟ್ಟಿಗೆ ತನ್ನ ನೇರಕ್ಕಿರುವ ರೆಂಬೆಗಳಿಗೇ ನೀರುಣಿಸುತ್ತದೆ. ಕೆನಡಾದ ನಯಾಗರ ಕಡಿಬಂಡೆಗಳಲ್ಲಿ ನೂರಾರು ವರ್ಷಗಳಿಂದ ಬದುಕಿರುವ ಥೂಜಾ ಮರಗಳ ಜಾತಿಯಲ್ಲಿ ವಿಜ್ಞಾನಿಗಳು ಬಣ್ಣದ ದ್ರಾವಣ ಹರಿಸಿ ಇದನ್ನು ತೋರಿಸಿದ್ದಾರೆ. ಒಂದು ಬೇರು ಸತ್ತರೆ ಅದರ ಪಾಲಿನ ರೆಂಬೆ ಸಾಯುತ್ತದೆ, ಉಳಿದ ಮರ ತನ್ನ ಪಾಡಿಗೆ ಬೆಳೆಯುತ್ತದೆ. ಬಿಳಿಚಿದ ಸತ್ತ ಕಟ್ಟಿಗೆಯ ಮಗ್ಗುಲಲ್ಲಿ ಬೆರಳಗಲದ ಜೀವಂತ ತೊಗಟೆ ಹೊತ್ತ ಜಪಾನೀ ಜುನಿಪರ್‌ಗಳ ಚೆಲುವು ಹುಟ್ಟಿದ್ದು ಹೀಗೆ. ಸತ್ತ ಕೊಂಬೆಗೆ ಅಲ್ಲಿ ‘ಜಿನ್’ ಎನ್ನುತ್ತಾರೆ, ಕಾಂಡದ ಸತ್ತ ಪಟ್ಟಿಗೆ ‘ಶಾರಿ’.

ಆದ್ದರಿಂದ ಒಂದು ಸಲಕ್ಕೆ ಒಂದೇ ಗಾಯ. ಈ ವರ್ಷ ಸವರಿದರೆ ಬೇರು ಮುಟ್ಟಬೇಡಿ. ಸವರುವಾಗಲೂ ಉಳಿಸಿಕೊಳ್ಳಬೇಕಾದ ಪ್ರತಿ ರೆಂಬೆಯಲ್ಲೂ ಹಸಿರು ಇರಲಿ, ಪೂರ್ತಿ ಬೋಳಿಸಿದ ರೆಂಬೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಅತಿಯಾಗಿ ಕತ್ತರಿಸಿದರೆ ಹುರುಪೆಯ ಬದಲು ಎಳೆ ಸಸಿಯ ಮುಳ್ಳೆಲೆ ಬರುತ್ತದೆ, ಅದು ಮರ ಬಳಲಿದೆ ಎಂಬ ಸೂಚನೆ. ತಂತಿ ತೊಗಟೆಯೊಳಗೆ ಕಚ್ಚುವ ಮುನ್ನ ಬಿಚ್ಚಿ. ಮಣ್ಣು ನೀರು ಬಸಿಯುವಂತಿರಲಿ: ಬರೀ ಕೆಂಪು ಮಣ್ಣು ಬೇಡ, ಜರಡಿ ಹಿಡಿದ ಇಟ್ಟಿಗೆ ಚೂರು ಧಾರಾಳವಾಗಿ ಬೆರೆಸಿ. ನೀರು ಹಾಕುವುದು ಗಡಿಯಾರ ನೋಡಿ ಅಲ್ಲ, ಮಣ್ಣಿಗೆ ಬೆರಳಿಟ್ಟು ನೋಡಿ.

ಕಡೆಯದಾಗಿ ಒಂದು ಸಲಹೆ. ಕೊಳ್ಳುವಾಗ ಒಂದೇ ಸಾಲಿನ ಎರಡು ಗಿಡ ಕೊಳ್ಳಿ. ಒಂದನ್ನು ಸವರಿ, ಬಾಗಿಸಿ. ಇನ್ನೊಂದನ್ನು ಮುಟ್ಟದೆ ಅದರ ಪಕ್ಕದಲ್ಲೇ ಬೆಳೆಯಲು ಬಿಡಿ. ಹೊಸ ಚಿಗುರು ಯಾವುದರಲ್ಲಿ ಎಷ್ಟು ಬಂತೆಂದು ಆಗಾಗ ಹೋಲಿಸಿ. ಎರಡೂ ಮಂಕಾದರೆ ತಪ್ಪು ಜಾಗದ್ದೋ ನೀರಿನದೋ ಇರಬೇಕು, ಸವರಿದ್ದು ಮಾತ್ರ ಮಂಕಾದರೆ ಕತ್ತರಿಯದು. ಪ್ರಯೋಗಾಲಯದವರು ಮಾಡುವುದೂ ಇಷ್ಟೇ, ಅವರ ಬಳಿ ಕುಂಡಗಳು ಹೆಚ್ಚಿರುತ್ತವೆ.